ಯಾರೋ ನೋಡಿದ್ದಾರೆ

ದುಡ್ಡು ಕಟ್ಟಿದರೆ ಮುಖ ಕಾಣುತ್ತದೆ, ಕಟ್ಟದಿದ್ದರೆ ಇಲ್ಲ. ಇಷ್ಟೇ ವಿಷಯ. ಇಷ್ಟಕ್ಕೆ ಬೆಳಗಿನಿಂದ ಅವಳ ತಲೆ ಚಿಟ್ಟು ಹಿಡಿದುಹೋಗಿತ್ತು. ಹಲ್ಲುಜ್ಜುವಾಗ ನೋಡಿದಳು, ಬಸ್ಸಿನ ಕಂಬಕ್ಕೆ ಒರಗಿಕೊಂಡು ನೋಡಿದಳು, ಈಗ ತಾನು ಕೆಲಸ ಮಾಡುವ ಕರ್ಟನ್ ಅಂಗಡಿಯ ಹಿಂಬದಿಯಲ್ಲಿ ನಿಲ್ಲಿಸಿಟ್ಟ ಬಟ್ಟೆ ಸುರುಳಿಗಳ ಸಂದಿಯಲ್ಲಿ ತೂರಿಕೊಂಡು ಮತ್ತೆ ಫೋನು ತೆಗೆದಳು. ಕೆಲಸ ಬೇಕಾದವರೂ ಕೆಲಸ ಕೊಡುವವರೂ ತಮ್ಮ ತಮ್ಮ ಪುಟ ತೆರೆದಿಟ್ಟು ಒಬ್ಬರನ್ನೊಬ್ಬರು ಅಳೆದು ನೋಡುವ ಸೈಟು ಅದು. ನಿನ್ನೆ ಸಂಜೆಯಿಂದ ಒಂದೇ ಮಾತು ಹೇಳುತ್ತಿತ್ತು: ನಿಮ್ಮ ಪುಟವನ್ನು ಯಾರೋ ನೋಡಿದ್ದಾರೆ. ಅದರ ಕೆಳಗೆ ಅಂಗಿಯ ಗುಂಡಿಯಷ್ಟು ಒಂದು ವೃತ್ತ, ವೃತ್ತದೊಳಗೆ ಬೇಕೆಂದೇ ಮಸುಕು ಮಾಡಿದ ಒಂದು ಮುಖ. ಹೆಸರಿರಬೇಕಾದ ಕಡೆ, ನದಿಯಾಚೆಯ ಮಿಲ್ಲಿನಲ್ಲಿ ಕೆಲಸ ಮಾಡುವವರು ಎಂದಷ್ಟೇ ಇತ್ತು. ಯಾರೆಂದು ತಿಳಿಯಬೇಕೆ? ಅವರಿಗೆ ನೇರವಾಗಿ ಬರೆಯಬೇಕೆ? ಹಾಗಾದರೆ ಸದಸ್ಯತ್ವಕ್ಕೆ ದುಡ್ಡು ಕಟ್ಟಿ. ಕೇಳಿದ ದುಡ್ಡೇನೂ ಮನೆ ಮುಳುಗಿಸುವಂಥದ್ದಲ್ಲ. ಆದರೂ ಕೆಲಸ ಕೇಳಿಕೊಂಡು ಬಂದವಳ ಹತ್ತಿರವೇ ಕೈ ಚಾಚುತ್ತಾರಲ್ಲ, ಇವರಿಗೆ ನಾಚಿಕೆ ಅನ್ನುವುದು ಬೇಡವೇ ಎಂದು ಬೈದುಕೊಂಡಳು. ಬೈದುಕೊಂಡ ಮೇಲೂ ಹೆಬ್ಬೆರಳು ಅದೇ ಹಳದಿ ಬಟನ್ನಿನ ಸುತ್ತ ಸುಳಿಯುತ್ತಿತ್ತು.

ನದಿಯಾಚೆಯದು ಬಟ್ಟೆಗೆ ಬಣ್ಣ ಹಾಕುವ ಮಿಲ್ಲು. ಅಲ್ಲಿ ಬಣ್ಣ ನೋಡುವ ಕೋಣೆಗೆ ಮುಖ್ಯಸ್ಥರು ಬೇಕಾಗಿದ್ದರು, ಅವಳು ಅರ್ಜಿ ಹಾಕಿದ್ದಳು. ಬಣ್ಣ ನೋಡುವುದು ಎಂದರೆ ಹೊರಗಿನವರು ನಗುತ್ತಾರೆ, ಅದೂ ಒಂದು ಕೆಲಸವೇ ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಅವಳ ಮಾವನೂ ಹಾಗೆಯೇ ಅಂದಿದ್ದರು. ಗಿರಾಕಿ ಒಂದು ತುಂಡು ಬಟ್ಟೆ ಕೊಟ್ಟು ಇದೇ ಬಣ್ಣ ಬೇಕು ಎನ್ನುತ್ತಾನೆ. ಮಿಲ್ಲಿನವರು ಕುದಿಸಿ, ಅದ್ದಿ, ಒಣಗಿಸಿ ತಂದುಕೊಡುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೌದು ಅಥವಾ ಅಲ್ಲ ಎನ್ನಬೇಕು. ಆ ಒಂದು ಮಾತಿನ ಮೇಲೆ ಬಟ್ಟೆ ಲಾರಿ ಹತ್ತುತ್ತದೆ, ಇಲ್ಲವೇ ಬಣ್ಣದ ತೊಟ್ಟಿಗೆ ವಾಪಸು ಬೀಳುತ್ತದೆ. ಬೇರೆ ಯಾವ ಕೆಲಸವೂ ಅವಳಿಗೆ ಬರುತ್ತಿರಲಿಲ್ಲ, ಬೇಕೆಂದು ಅನಿಸಿಯೂ ಇರಲಿಲ್ಲ. ನದಿಯಾಚೆಯವರು ಕರೆದು, ಒಂದಿಷ್ಟು ಬೂದು ತುಂಡುಗಳನ್ನು ಮೇಜಿನ ಮೇಲೆ ಚೆಲ್ಲಿ, ತಿಳಿಯಿಂದ ಗಾಢಕ್ಕೆ ಜೋಡಿಸಿ ಎಂದಿದ್ದರು. ಅವಳು ಜೋಡಿಸಿ ಕೈ ಕಟ್ಟಿ ಕೂತಾಗ ಎದುರಿಗಿದ್ದವರು ಮುಖ ಮುಖ ನೋಡಿಕೊಂಡಿದ್ದರು. ಒಬ್ಬರಂತೂ ಬಾಗಿಲ ತನಕ ಬಂದು, ತಿಳಿಸ್ತೀವಿ ಮೇಡಂ, ಖಂಡಿತ ತಿಳಿಸ್ತೀವಿ ಎಂದು ಕಳಿಸಿಕೊಟ್ಟಿದ್ದರು. ಆಮೇಲೆ ಸುದ್ದಿಯೇ ಇಲ್ಲ. ಫೋನು ಮಾಡಿದರೆ ಯಾವುದೋ ಹುಡುಗಿ, ಇನ್ನೂ ನೋಡ್ತಾ ಇದಾರೆ ಎನ್ನುತ್ತಿದ್ದಳು, ಕ್ರಮೇಣ ಆ ಹುಡುಗಿಯೂ ಫೋನು ಎತ್ತುವುದನ್ನು ಬಿಟ್ಟಳು. ಸರಿ, ಮುಗಿಯಿತು, ವಯಸ್ಸಾದವಳು ಬೇಡವೆಂದರು ಎಂದು ಮನಸ್ಸನ್ನು ಕಟ್ಟಿಹಾಕಿದ್ದಾಗಲೇ ಈ ಸುದ್ದಿ. ಅಲ್ಲಿಯವರು ಯಾರೋ ಅವಳ ಪುಟ ತೆರೆದು ನೋಡಿದ್ದಾರೆ. ಸುಮ್ಮಸುಮ್ಮನೆ ಯಾರು ನೋಡುತ್ತಾರೆ? ಬಾಗಿಲ ತನಕ ಬಂದವರೇ ಇರಬೇಕು. ಈಗ ಅವರಿಗೊಂದು ಮಾತು ಬರೆದುಬಿಟ್ಟರೆ, ತಾನಿನ್ನೂ ಇದ್ದೇನೆ ಎಂದು ನೆನಪಿಸಿಬಿಟ್ಟರೆ, ಕೆಲಸ ಕೈಗೆ ಬಂದರೂ ಬರಬಹುದು. ಆಸೆ ಎದ್ದಿತು. ಎದ್ದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಹೊರಗಿನಿಂದ ಅಂಗಡಿಯ ಯಜಮಾನ ಕೆಮ್ಮಿದ. ಗಿರಾಕಿ ಬಂದಿದ್ದಾರೆ, ಎಲ್ಲಿ ಹಾಳಾಗಿ ಹೋದಿರಿ ಎಂಬುದಕ್ಕೆ ಅವನು ಕೆಮ್ಮುತ್ತಾನೆ. ಅವನ ಪ್ರಕಾರ ಅದು ಮರ್ಯಾದೆ. ಗಂಡ ಹೆಂಡತಿ ಇಬ್ಬರು ಬಂದು ತಿಳಿನೀಲಿ ಬಟ್ಟೆಯೊಂದನ್ನು ಎಳೆದು ಹಿಡಿದಿದ್ದರು. ನಮ್ಮ ಸೋಫಾಗೆ ಹೊಂದುತ್ತಾ ಎಂದು ಹೆಂಡತಿ ಕೇಳಿದಳು, ಸೋಫಾದ ಫೋಟೋ ತೋರಿಸಿದಳು. ಹಿಂದೊಮ್ಮೆ ಇದೇ ಅಂಗಡಿಯಲ್ಲಿ ಇಂಥವರಿಗೇ ಅವಳು, ಇಲ್ಲಿಯ ದೀಪಕ್ಕೆ ಇದು ನೀಲಿ, ನಿಮ್ಮ ಮನೆಯ ದೀಪಕ್ಕೆ ಏನಾಗುತ್ತದೋ ಹೇಳಲಾಗುವುದಿಲ್ಲ, ಒಂದು ತುಂಡು ಒಯ್ದು ನೋಡಿ ಎಂದಿದ್ದಳು. ಅವರು ತುಂಡು ಒಯ್ದವರು ತಿರುಗಿ ಬರಲಿಲ್ಲ. ನೀವಿಲ್ಲಿ ಪರೀಕ್ಷೆ ಮಾಡೋಕೆ ಬಂದಿಲ್ಲ ಮೇಡಂ, ಮಾರೋಕೆ ಬಂದಿದೀರ ಎಂದು ಯಜಮಾನ ಅವತ್ತು ಎಲ್ಲರೆದುರಿಗೆ ಹೇಳಿದ. ಅವಳ ಮಗನ ವಯಸ್ಸಿನವನು. ಅವಳು ತಲೆ ತಗ್ಗಿಸಿಕೊಂಡು ಕತ್ತರಿಯನ್ನು ಅದರ ಚೀಲಕ್ಕೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದ್ದಳು. ಇವತ್ತು ಸೋಫಾದ ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ. ಹೊಂದುತ್ತೆ ಎಂದಳು. ಹೆಂಡತಿಗೆ ಖುಷಿಯಾಯಿತು, ಗಂಡ ದುಡ್ಡು ಕೊಟ್ಟ. ನೋಡದೆ ಹೌದು ಎಂದ ನಾಲಿಗೆ ಬಹಳ ಹೊತ್ತು ಒಣಗಿಕೊಂಡೇ ಇತ್ತು.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಜೋಡಿಯ ಫೋನು ಬಂತು. ಫೋನಿನಲ್ಲಿ ಆ ನಂಬರನ್ನು ಅವಳು ಜೋಡಿ ಎಂದೇ ಬರೆದಿಟ್ಟುಕೊಂಡಿದ್ದಳು. ಅವಳು ಹಿಂದೆ ಇದ್ದ ಹಳೆ ಮಿಲ್ಲಿನ ಬಣ್ಣದ ಕೋಣೆಯಲ್ಲಿ ಯಾವ ಬಣ್ಣವನ್ನೂ ಒಬ್ಬರೇ ಪಾಸು ಮಾಡುವಂತಿರಲಿಲ್ಲ, ಇಬ್ಬರು ನೋಡಬೇಕು. ಆ ಇಬ್ಬರಿಗೆ ಜೋಡಿ ಎಂದು ಹೆಸರು. ಗೋಡೆ ಬೂದು, ಮೇಜು ಬೂದು, ಹಾಕಿಕೊಳ್ಳುವ ಕೋಟೂ ಬೂದು. ಮೈಮೇಲಿನ ಬಣ್ಣ ಬಟ್ಟೆಗೆ ತಾಗಿ ಕಣ್ಣು ಕೆಡಬಾರದಲ್ಲ. ಮಾತಾಡುವಂತಿಲ್ಲ, ಒಬ್ಬರ ಮಾತು ಇನ್ನೊಬ್ಬರ ಕಣ್ಣು ಕೆಡಿಸುತ್ತದೆ. ಇಬ್ಬರೂ ಬೇರೆಬೇರೆ ನೋಡಿ, ಒಂದೊಂದು ಚೀಟಿಯಲ್ಲಿ ಹೌದು ಅಥವಾ ಅಲ್ಲ ಎಂದು ಬರೆದು, ಚೀಟಿಯನ್ನು ಕವುಚಿ ಇಟ್ಟು, ಒಟ್ಟಿಗೆ ತಿರುಗಿಸಬೇಕು. ಎರಡು ಚೀಟಿ ಬೇರೆಬೇರೆ ಬಂದರೆ ಯಾರು ಸರಿ ಎಂದು ವಾದವಿಲ್ಲ, ಇಬ್ಬರೂ ಬಟ್ಟೆ ಹಿಡಿದುಕೊಂಡು ಕಿಟಕಿಗೆ ಹೋಗಿ ಹಗಲಿನಲ್ಲಿ ಮತ್ತೆ ನೋಡಬೇಕು. ಈಗ ಫೋನು ಮಾಡಿದ ಹುಡುಗಿ ಅಲ್ಲಿ ಕೆಲಸಕ್ಕೆ ಬಂದ ದಿನ ಕೆಂಪಿಗೂ ಕೇಸರಿಗೂ ನಡುವೆ ಇರುವುದನ್ನೆಲ್ಲ ಕೆಂಪು ಎನ್ನುತ್ತಿದ್ದಳು. ಅವಳ ಕಣ್ಣನ್ನು ತಿದ್ದಿದವಳು ಇವಳೇ. ಅಕ್ಕಾ ಅಕ್ಕಾ ಎಂದು ಹಿಂದೆಯೇ ಸುತ್ತುತ್ತಿದ್ದ ಹುಡುಗಿ. ಈಗ ಹುಡುಗಿಯೇನಲ್ಲ, ತಲೆಯಲ್ಲಿ ಬಿಳಿ ಇಣುಕಿದೆ, ಆದರೂ ಇವಳ ಲೆಕ್ಕದಲ್ಲಿ ಹುಡುಗಿಯೇ. ಮನೆಯಲ್ಲಿ ಗಂಡನ ಹತ್ತಿರ ಜಗಳವಾದರೂ ಕೋಣೆಗೆ ಬಂದು ಜೋಡಿಯ ಪಕ್ಕ ಕೂತರೆ ಎದೆ ಹಗುರವಾಗುತ್ತಿತ್ತು. ಚೀಟಿಯ ಮೇಲೆ ಇಬ್ಬರೂ ಯಾವತ್ತೂ ಸುಳ್ಳು ಬರೆದವರಲ್ಲ. ಬೇರೆ ವಿಷಯದಲ್ಲಿ ಬೇಕಾದಷ್ಟು ಹೇಳಿಕೊಂಡಿರಬಹುದು.

“ಊಟ ಆಯ್ತಾ ಅಕ್ಕಾ? ಏನಾದ್ರೂ ಬಂತಾ?” ಎಂದಿನ ಪ್ರಶ್ನೆ. ಕೆಲಸ ಹೋದ ಲಾಗಾಯ್ತಿನಿಂದ ಇವಳನ್ನು ತಪ್ಪದೆ ವಿಚಾರಿಸುವವಳು ಅವಳೊಬ್ಬಳೇ. ಸೈಟಿನಲ್ಲಿ ಇವಳ ಪುಟ ಮಾಡಿಕೊಟ್ಟವಳೂ ಅವಳೇ. ನದಿಯಾಚೆಯ ಕೆಲಸದ ಸುದ್ದಿಯನ್ನು ಇವಳು ಮೊದಲು ಹೇಳಿದ್ದೂ ಅವಳಿಗೇ. ಅರ್ಜಿಯನ್ನು ಕೂತು ಬರೆದುಕೊಟ್ಟು, ಇದು ನಿಮಗೇ ಅಕ್ಕಾ, ಬರೆದಿಟ್ಟುಕೊಳ್ಳಿ ಎಂದಿದ್ದಳು. ಇವಳು ಈಗ ದನಿ ತಗ್ಗಿಸಿ, ನದಿಯಾಚೆಯ ಮಿಲ್ಲಿನವರು ಯಾರೋ ನನ್ನ ಪುಟ ನೋಡಿದಾರೆ ಕಣೆ ಎಂದಳು. ಆ ಕಡೆ ಮಾತು ನಿಂತಿತು. ಲೈನು ಕಟ್ಟಾಯಿತೇನೋ ಎಂದು ಇವಳು ಹಲೋ ಹಲೋ ಎಂದಳು. ಇದೀನಿ ಅಕ್ಕಾ ಎಂದಳು ಜೋಡಿ. ಯಾರಂತೆ ಎಂದು ಕೇಳಿದಳು. ಅದಕ್ಕೆ ದುಡ್ಡು ಕಟ್ಟಬೇಕಂತೆ, ಕಟ್ಟಿದ್ರೆ ಮುಖ ತೋರಿಸ್ತಾರಂತೆ ಎಂದಳು ಇವಳು.

“ಕಟ್ಟಬೇಡಿ ಅಕ್ಕಾ. ಅದೆಲ್ಲಾ ದುಡ್ಡು ಹೊಡೆಯೋ ಕೆಲಸ. ಯಾರೋ ಬೇರೆಯವರನ್ನ ಹುಡುಕ್ತಾ ಬೆರಳು ತಾಗಿ ನಿಮ್ಮದು ತೆಗೆದಿರ್ತಾರೆ. ನನ್ನ ಮಾತು ಕೇಳಿ, ಕಟ್ಟಬೇಡಿ.”

ಎಷ್ಟು ಕಾಳಜಿ ನೋಡು ಎಂದುಕೊಂಡಳು ಇವಳು. ಬಿಡುವಿಲ್ಲದ ಕೆಲಸದ ನಡುವೆ ತನ್ನ ಪರ್ಸಿನ ಚಿಂತೆಯನ್ನೂ ಮಾಡುತ್ತಾಳಲ್ಲ. ನಿಮ್ಮಮ್ಮ ಹೇಗಿದಾರೆ ಎಂದು ಕೇಳಿದಳು, ಪರವಾಗಿಲ್ಲ ಎಂದಳು ಜೋಡಿ. ಯಾವಾಗಲೂ ಜೋಡಿಯ ದನಿಯ ಹಿಂದೆ ಹಳೆ ಮಿಲ್ಲಿನ ತೊಟ್ಟಿಗಳ ಧಡಧಡ ಕೇಳಿಸುತ್ತಿತ್ತು, ಆ ಸದ್ದು ಗೋಡೆ ತೂರಿ ಬಣ್ಣದ ಕೋಣೆಗೂ ಬರುತ್ತಿತ್ತು. ಇವತ್ತು ಹಿಂದೆ ಏನೂ ಇರಲಿಲ್ಲ. ರಜೆಯಾ ಎಂದು ಕೇಳಬೇಕೆನ್ನುವಷ್ಟರಲ್ಲಿ, ಇಡ್ತೀನಿ ಅಕ್ಕಾ, ಕರೀತಿದಾರೆ ಎಂದು ಇಟ್ಟುಬಿಟ್ಟಳು.

ಆ ದಿನ ಅಂಗಡಿಗೆ ಅರ್ಧ ರಜ. ಬಸ್ಸಿನಲ್ಲಿ ಸೀಟು ಸಿಕ್ಕಿತು, ಕಿಟಕಿಗೆ ತಲೆ ಆನಿಸಿ ಕೂತಳು. ಕಟ್ಟಬೇಡಿ ಅಂದಿದ್ದಾಳೆ, ಕಟ್ಟುವುದು ಬೇಡ ಎಂದು ಒಂದು ಸ್ಟಾಪಿನ ತನಕ ಅಂದುಕೊಂಡಳು. ಮುಂದಿನ ಸ್ಟಾಪಿಗೆ ಮನಸ್ಸು ಮತ್ತೆ ಆ ವೃತ್ತಕ್ಕೇ ಹೋಯಿತು. ಎದುರಿನ ಸೀಟಿನ ಹೆಂಗಸಿನ ಚೀಲ ಹಸಿರು, ಕೆಟ್ಟ ಹಸಿರು, ನೀಲಿ ಹೆಚ್ಚಾಗಿಹೋಗಿದೆ. ತನ್ನ ಕೆಲಸ ಕಳೆದ ಆ ಹಸಿರು ಇದಲ್ಲ. ಆ ಹಸಿರು ಟ್ಯೂಬ್‌ಲೈಟಿನ ಕೆಳಗೆ ಎಷ್ಟು ತಂಪಾಗಿತ್ತು! ಯಾವುದೋ ದೊಡ್ಡ ಗಿರಾಕಿಯ ಸಮವಸ್ತ್ರದ ಬಟ್ಟೆ; ಹಗಲಿಗೆ ಒಯ್ದು ನೋಡಿದರೆ ಕಂದಾಗಿಬಿಡುತ್ತಿತ್ತು. ಬಣ್ಣ ತಿರುಗಿತು ಎನ್ನುತ್ತಾರೆ ಮಿಲ್ಲಿನಲ್ಲಿ. ದೀಪ ಬದಲಾದರೆ ಬಣ್ಣ ಬದಲಾಗುವ ಬಟ್ಟೆ, ಬಣ್ಣ ನೋಡುವವರ ಪಾಲಿಗೆ ಅದಕ್ಕಿಂತ ದೊಡ್ಡ ಮಾನಹಾನಿ ಬೇರೆ ಇಲ್ಲ. ಅವತ್ತು ಜೋಡಿ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು, ಅಮ್ಮನ ಹಾಸಿಗೆಯ ಪಕ್ಕ ಕೂತು ಕಣ್ಣು ಕೆಂಪಾಗಿತ್ತು. ನಿಮ್ಮ ಕಣ್ಣೇ ನನ್ನ ಕಣ್ಣು ಅಕ್ಕಾ ಎಂದು, ಬಟ್ಟೆಯ ಕಡೆ ತಿರುಗಿಯೂ ನೋಡದೆ ಚೀಟಿಯಲ್ಲಿ ಹೌದು ಎಂದು ಬರೆದಳು. ಇವಳು ನೋಡಿದಳು, ಆದರೆ ಕಿಟಕಿಗೆ ಒಯ್ಯಲಿಲ್ಲ. ಹೊರಗೆ ಲಾರಿ ಕಾಯುತ್ತಿತ್ತು. ಬಟ್ಟೆ ಹೋಯಿತು, ಹಾಗೆಯೇ ಎಲ್ಲವೂ ವಾಪಸು ಬಂತು. ಮ್ಯಾನೇಜರ್ ಇಬ್ಬರನ್ನೂ ಕರೆದು ಕೂರಿಸಿದಾಗ, ಅವಳು ಪಾಪ ನೋಡಬೇಕಾದ್ದನ್ನು ನೋಡಿದಳು, ಕೊನೆಗೆ ಪಾಸು ಮಾಡಿದ್ದು ನಾನು ಎಂದು ಇವಳು ಎಲ್ಲವನ್ನೂ ತನ್ನ ತಲೆಗೆ ಕಟ್ಟಿಕೊಂಡಳು. ಜೋಡಿ ತುಟಿ ಕಚ್ಚಿಕೊಂಡು ಕೂತಿದ್ದಳು. ಇವಳ ಕೆಲಸ ಹೋಯಿತು, ಅವಳದು ಉಳಿಯಿತು.

ಅದನ್ನು ತಾನು ಮಾಡಿದ್ದು ಬರೀ ಒಳ್ಳೆಯತನದಿಂದಲೇ ಎಂದು ಇವಳು ಎಷ್ಟೋ ಸಲ ಕೇಳಿಕೊಂಡಿದ್ದಳು. ಅಷ್ಟೇ ಆಗಿದ್ದರೆ, ಪ್ರತಿ ಫೋನಿನಲ್ಲೂ ಜೋಡಿಯ ದನಿಯಲ್ಲಿ ಸ್ವಲ್ಪ ಋಣ ಇದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದದ್ದು ಯಾಕೆ? ಅಕ್ಕಾ ಎನ್ನುವ ಮಾತಿನಲ್ಲಿ ಎರಡನೆಯ ಅಕ್ಷರ ಎಳೆಯುವುದು ಕಮ್ಮಿಯಾದರೆ ಆ ದಿನವೆಲ್ಲ ಮುಖ ಬಿಗಿದುಕೊಂಡಿರುತ್ತಿದ್ದಳು. ಉಪಕಾರ ಮಾಡಿ ಅದರ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತವಳು ತಾನು ಎಂದು ನಾಚಿಕೆಯಾಗುತ್ತಿತ್ತು. ಆದರೂ ಕೂತೇ ಇದ್ದಳು. ವಾಪಸು ಬಂದ ಬಟ್ಟೆಯನ್ನೆಲ್ಲ ಕಪ್ಪು ಬಣ್ಣಕ್ಕೆ ಅದ್ದುವ ಮುಂಚೆ ಜೋಡಿ ಅದರಿಂದ ಒಂದು ಪಟ್ಟಿ ಕತ್ತರಿಸಿಕೊಂಡು ಬಂದು, ಅರ್ಧ ತನಗೆ, ಅರ್ಧ ಇವಳಿಗೆ ಎಂದು ಹರಿದಳು. “ನಮ್ಮಿಬ್ಬರನ್ನ ಬಿಟ್ರೆ ಈ ಬಣ್ಣ ಪ್ರಪಂಚದಲ್ಲಿ ಇನ್ನು ಯಾರ ಹತ್ರಾನೂ ಇರಲ್ಲ ಅಕ್ಕಾ,” ಎಂದು ಅತ್ತಳು. ಇವಳೂ ಅತ್ತಳು. ಅವಳು ತನ್ನ ಅರ್ಧಕ್ಕೆ ಅಂಚು ಹೊಲಿದು ಸ್ಕಾರ್ಫ್ ಮಾಡಿಕೊಂಡಳು. ಇವಳ ಅರ್ಧ ಬೀರುವಿನಲ್ಲಿ ಬಿದ್ದಿತ್ತು.

ಗಂಡ ಮನೆಗೆ ಬಂದಾಗ ಬಗಲಲ್ಲಿ ಲ್ಯಾಪ್‌ಟಾಪ್ ಇತ್ತು. ಅವನು ಕಾರು ಓಡಿಸುವುದನ್ನು ಕಲಿಸುವವನು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ತನ್ನ ಕಡೆಯ ಬ್ರೇಕು ಒತ್ತಿ ಒತ್ತಿ ಅಭ್ಯಾಸವಾಗಿ, ಮನೆಯಲ್ಲಿ ಕುರ್ಚಿಯ ಮೇಲೆ ಕೂತಾಗಲೂ ಯಾರಾದರೂ ಅವಸರದ ಮಾತಾಡಿದರೆ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಬೆಳಿಗ್ಗೆ ಇವಳು ಸೈಟಿನ ವಿಷಯ ಹೇಳಿದ್ದರಿಂದ, ರಸ್ತೆಯ ಚಿಹ್ನೆಗಳನ್ನು ತೋರಿಸಲು ಡ್ರೈವಿಂಗ್ ಸ್ಕೂಲಿನವರು ಇಟ್ಟುಕೊಂಡಿದ್ದ ಲ್ಯಾಪ್‌ಟಾಪನ್ನು ಇವಳಿಗಾಗಿ ಕೇಳಿ ತಂದಿದ್ದ. ಫೋನಿನಲ್ಲಿ ದುಡ್ಡು ಕಟ್ಟೋಕೆ ನನಗೆ ಧೈರ್ಯ ಇಲ್ಲ, ಬೆರಳು ದಪ್ಪ, ಎಲ್ಲೆಲ್ಲೋ ಒತ್ತಿಬಿಡ್ತೀನಿ ಎಂದ. ಇವಳು, ಬೇಡ ರೀ, ಅವಳೂ ಬೇಡ ಅಂದಿದಾಳೆ ಎಂದಳು.

“ಅವಳು ಬೇಡ ಅಂದ್ರೆ ಬೇಡ, ನಾನು ಬೇಕು ಅಂದ್ರೆ ಅದಕ್ಕೆ ಬೆಲೆ ಇಲ್ಲ ಅಲ್ವಾ?” ಎಂದು ನಕ್ಕ. “ಒಂದು ತಿಂಗಳು ಕಟ್ಟಿ ನೋಡೇ. ಆ ಕರ್ಟನ್ ಅಂಗಡಿಯಿಂದ ಬಂದಾಗ ನಿನ್ನ ಮುಖ ನೋಡೋಕಾಗಲ್ಲ ನನಗೆ.”

ಇಷ್ಟು ದಿನ ಅವನು ಅದನ್ನು ಹೇಳಿರಲಿಲ್ಲ. ಇವಳು ಪಾಸ್‌ವರ್ಡ್ ಒತ್ತಿಕೊಟ್ಟಳು. ಅವನು ಒಳಗೆ ಹೋಗಿ ಬ್ಯಾಂಕಿನ ಕಾರ್ಡು ಎಲ್ಲಿಟ್ಟೆ ಎಂದು ಡ್ರಾಯರುಗಳನ್ನು ಎಳೆಯತೊಡಗಿದ. ಲ್ಯಾಪ್‌ಟಾಪಿನ ಮೇಲೆ ಸೈಟು ತೆರೆದುಕೊಂಡಿತು. ನಿಮ್ಮ ಪುಟವನ್ನು ಯಾರೋ ನೋಡಿದ್ದಾರೆ. ಫೋನಿನಲ್ಲಿ ಗುಂಡಿಯಷ್ಟಿದ್ದ ವೃತ್ತ ಇಲ್ಲಿ ತಟ್ಟೆಯಷ್ಟಾಗಿತ್ತು.

ಮುಖವನ್ನು ಮಸುಕು ಮಾಡುವವರು ಮುಖವನ್ನಷ್ಟೇ ಯೋಚಿಸುತ್ತಾರೆ. ಮೂಗು, ಕಣ್ಣು, ಬಾಯಿ ಎಲ್ಲ ಕದಡಿಹೋಗಿದ್ದವು. ಬಣ್ಣಗಳು ತಮ್ಮ ತಮ್ಮ ಜಾಗದಲ್ಲೇ ಇದ್ದವು. ಮೇಲೆ ಕಪ್ಪು, ಅದು ಕೂದಲು. ನಡುವೆ ಗೋಧಿ. ಕೆಳಗೆ ಕೊರಳಿದ್ದ ಕಡೆ ಒಂದು ಹಸಿರು. ಅದಲ್ಲ, ಇರಲಾರದು ಎಂದುಕೊಂಡಳು. ಪರದೆಯ ಬಣ್ಣವನ್ನು ನಂಬಬಾರದು, ಒಂದೊಂದು ಪರದೆ ಒಂದೊಂದು ಸುಳ್ಳು ಹೇಳುತ್ತದೆ ಎಂದು ಜೋಡಿಗೆ ಮೊದಲ ದಿನ ಹೇಳಿಕೊಟ್ಟಿದ್ದೇ ಇವಳು. ಅದಕ್ಕೇ ಬೆಳಗಿನಿಂದ ಫೋನಿನಲ್ಲಿ ಆ ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಮುಖವನ್ನೇ ಹುಡುಕಿದ್ದಳು. ಹಸಿರು ಯಾವ ಹಸಿರಾದರೂ ಇರಬಹುದು. ಆದರೆ ಆ ಹಸಿರು ಪೂರ್ತಿ ಹಸಿರಾಗಿರಲಿಲ್ಲ. ಎಡಗಡೆ, ದೀಪದ ಕಡೆ, ತಂಪಾದ ಹಸಿರು. ಬಲಗಡೆ, ಕಿಟಕಿಯ ಬೆಳಕು ಬಿದ್ದ ಕಡೆ, ಅದೇ ಬಟ್ಟೆ ಕಂದಾಗಿತ್ತು. ಪರದೆ ಬಣ್ಣದ ಬಗ್ಗೆ ಸುಳ್ಳು ಹೇಳಬಹುದು. ತಿರುಗುವುದರ ಬಗ್ಗೆ ಸುಳ್ಳು ಹೇಳಲು ಅದಕ್ಕೆ ಬರುವುದಿಲ್ಲ.

ಎದ್ದು ಬೀರು ತೆಗೆದಳು. ಮಡಿಸಿಟ್ಟ ಬಟ್ಟೆಗಳನ್ನು ನೆಲಕ್ಕೆ ಕೆಡವಿ ತನ್ನ ಅರ್ಧವನ್ನು ಎಳೆದಳು. ಬಿಸಿಲು ಇನ್ನೂ ಇತ್ತು. ಕೋಣೆಯ ಟ್ಯೂಬ್‌ಲೈಟು ಹಾಕಿ, ಕಿಟಕಿಯ ಬಾಗಿಲು ತೆರೆದು, ಎರಡರ ನಡುವೆ ಕನ್ನಡಿಯೆದುರು ನಿಂತು ಬಟ್ಟೆಯನ್ನು ಕೊರಳಿಗೆ ಸುತ್ತಿಕೊಂಡಳು. ಆಮೇಲೆ ಕನ್ನಡಕ ತೆಗೆದಳು. ಕನ್ನಡಕವಿಲ್ಲದೆ ಅವಳಿಗೆ ಮಾರು ದೂರದ್ದೆಲ್ಲ ಕದಡಿಹೋಗುತ್ತದೆ. ಕನ್ನಡಿಯಲ್ಲಿ ಮೇಲೆ ಕಪ್ಪು, ನಡುವೆ ಗೋಧಿ, ಕೆಳಗೆ ಒಂದು ಕಡೆ ಹಸಿರು, ಒಂದು ಕಡೆ ಕಂದು. ಹೆಸರಿಲ್ಲದ ಯಾರೋ ಒಬ್ಬಳು ಅಲ್ಲಿಂದ ಅವಳನ್ನು ನೋಡುತ್ತಿದ್ದಳು. ಏನೇ, ಕಾರ್ಡು ನಿನ್ನ ಪರ್ಸಲ್ಲಿದೆಯಾ ಎಂದು ಗಂಡ ಒಳಗಿನಿಂದ ಕೂಗುತ್ತಿದ್ದ.

ನದಿಯಾಚೆಯ ಮಿಲ್ಲಿನಲ್ಲಿ ಕೆಲಸ ಮಾಡುವವರು. ಹಾಗಾದರೆ ಫೋನಿನ ಹಿಂದೆ ತೊಟ್ಟಿಗಳ ಧಡಧಡ ಕೇಳದಿದ್ದದ್ದು ರಜೆಯಿಂದಲ್ಲ. ಎಂದಿನಿಂದ ಕೇಳಿಸಿಲ್ಲ? ಹೋದ ವಾರ ಕೇಳಿಸಿತ್ತೇ? ನೆನಪಿಗೆ ಬರಲಿಲ್ಲ. ತಾನು ಕೈಯಾರೆ ಕೊಟ್ಟ ಸುದ್ದಿ, ತಾನು ಹೇಳಿ ಬರೆಸಿದ ಅರ್ಜಿ. ಅರ್ಜಿ ಬರೆಯುವಾಗ ಜೋಡಿಯ ಕೈ ಒಂದು ಕ್ಷಣವಾದರೂ ತಡೆಯಿತೋ ಇಲ್ಲವೋ. ಬಾಗಿಲ ತನಕ ಬಂದವರು ಅವಳನ್ನೂ ಬಾಗಿಲ ತನಕ ಕಳಿಸಿರಬೇಕು, ಆ ಬೂದು ತುಂಡುಗಳನ್ನು ಅವಳೂ ಜೋಡಿಸಿರಬೇಕು, ಇವಳು ಕಲಿಸಿದ ಕ್ರಮದಲ್ಲೇ, ಮೊದಲು ಎರಡು ತುದಿ ಹಿಡಿದು ಆಮೇಲೆ ನಡುವಿನದನ್ನು. ಇರಲಿ. ಅಮ್ಮನ ಔಷಧಿಯ ಖರ್ಚು, ಹಳೆ ಮಿಲ್ಲಿನ ಸಂಬಳ, ಎಲ್ಲ ಇವಳಿಗೆ ಗೊತ್ತು. ಅಕ್ಕಾ, ನನಗೂ ಅದು ಬೇಕು ಎಂದಿದ್ದರೆ ಬಿಟ್ಟುಕೊಡುತ್ತಿರಲಿಲ್ಲವೇ? ಬಿಟ್ಟುಕೊಡುತ್ತಿದ್ದೆ ಎಂದು ಅಂದುಕೊಂಡಳು, ಅದು ನಿಜವೋ ಅಲ್ಲವೋ ಗೊತ್ತಾಗಲಿಲ್ಲ. ಕೆಲಸ ಹೋದದ್ದಕ್ಕಿಂತ ಹೆಚ್ಚು ಉರಿದದ್ದು ಮಧ್ಯಾಹ್ನದ ಆ ಕಟ್ಟಬೇಡಿ. ಅದನ್ನು ಇವಳು ಕಾಳಜಿ ಎಂದು ನಂಬಿಬಿಟ್ಟಿದ್ದಳಲ್ಲ. ಏನಾದ್ರೂ ಬಂತಾ ಅಕ್ಕಾ, ಏನಾದ್ರೂ ಬಂತಾ ಅಕ್ಕಾ ಎಂದು ಎಷ್ಟು ದಿನದಿಂದ ಕೇಳುತ್ತಿದ್ದಾಳೆ! ವಿಚಾರಿಸಲು ಕೇಳಿದ್ದಲ್ಲ ಅದು. ಸುದ್ದಿ ಇವಳಿಗೆ ಮುಟ್ಟಿತೇ ಎಂದು ತಿಳಿಯಲು ಕೇಳಿದ್ದು. ಕೈ ಕೊಟ್ಟಳು, ನನಗೆ ಕೈ ಕೊಟ್ಟುಬಿಟ್ಟಳು ಎಂದು ಗಟ್ಟಿಯಾಗಿ ಹೇಳಿಕೊಂಡಳು. ತನ್ನ ದನಿ ಖಾಲಿ ಕೋಣೆಯಲ್ಲಿ ಕೇಳಿ ಅಳು ಬಂತು.

ಅಳು ನಿಂತ ಮೇಲೆ ಅನುಮಾನ ಬಂತು. ತನ್ನ ಕಣ್ಣಿಗೆ ಈಗ ಯಾವ ಬೆಲೆ? ಆ ಹಸಿರನ್ನು ಒಮ್ಮೆ ಹೌದು ಎಂದು ಕೆಟ್ಟ ಕಣ್ಣು ಇದೇ. ದುಡ್ಡು ಕಟ್ಟಿದರೆ ಒಂದು ಕ್ಷಣದಲ್ಲಿ ತಿಳಿಯುತ್ತದೆ, ಮುಖವೂ ಹೆಸರೂ ಬರುತ್ತವೆ. ಆದರೆ ಯಾರೋ ದುಡ್ಡಿಗೆ ತೋರಿಸುವ ಮುಖದಿಂದ ಅವಳನ್ನು ತಿಳಿಯುವುದೇ? ಇಷ್ಟು ವರ್ಷ ಒಂದೇ ಮೇಜಿನಲ್ಲಿ ಕೂತವಳನ್ನು? ಒಬ್ಬರ ಕಣ್ಣಿಗೆ ಯಾವುದೂ ಪಾಸಾಗುವುದಿಲ್ಲ, ಇನ್ನೊಬ್ಬರು ನೋಡಬೇಕು, ಚೀಟಿ ಬರೆಯಬೇಕು. ಇನ್ನೊಬ್ಬರು ಎಂದರೆ ಇವಳಿಗೆ ಇದ್ದದ್ದು ಒಬ್ಬಳೇ. ಕಿಟಕಿಯ ಅಂಚಿನ ಮೇಲೆ ತನ್ನ ಅರ್ಧ ಬಟ್ಟೆಯನ್ನು ಹಾಸಿ, ಹಗಲು ಒಂದು ಕಡೆ ದೀಪ ಒಂದು ಕಡೆ ಬೀಳುವಂತೆ ಇಟ್ಟು ಫೋಟೋ ತೆಗೆದಳು. ಲ್ಯಾಪ್‌ಟಾಪಿನ ಮಸುಕು ವೃತ್ತದ್ದೂ ಒಂದು ತೆಗೆದಳು. ಎರಡನ್ನೂ ಜೋಡಿಗೆ ಕಳಿಸಿ ಕೆಳಗೆ ಬರೆದಳು: ಈ ಎರಡು ಒಂದೇನಾ? ಮಾತು ಬೇಡ, ಚೀಟಿ ಬರಿ.

ಹೌದು ಎಂದುಬಿಡಲಿ ಎಂದು ಇವಳು ನಿಂತಲ್ಲೇ ಬೇಡಿಕೊಂಡಳು. ಹೌದು ಅಕ್ಕಾ ಎಂದುಬಿಟ್ಟರೆ ಕೆಲಸ ಅವಳಿಗೇ ಇರಲಿ, ಬೈದು, ಅತ್ತು, ಒಂದು ವಾರ ಮಾತು ಬಿಟ್ಟು, ಆಮೇಲೆ ಅಮ್ಮ ಹೇಗಿದಾರೆ ಎಂದು ತಾನೇ ಫೋನು ಮಾಡುತ್ತೇನೆ. ಕಳಿಸಿದ್ದರ ಕೆಳಗಿನ ಎರಡು ಗೆರೆ ನೀಲಿಯಾದವು. ನೋಡಿದ್ದಾಳೆ. ಬರೆಯುತ್ತಿದ್ದಾರೆ ಎಂದು ತೋರಿಸಿತು, ನಿಂತಿತು, ಮತ್ತೆ ಬರೆಯುತ್ತಿದ್ದಾರೆ ಎಂದಿತು. ಗಂಡ ಕಾರ್ಡು ಸಿಕ್ಕಿತು ಎಂದು ಬಂದು ಲ್ಯಾಪ್‌ಟಾಪಿನ ಮುಂದೆ ಕೂತ. ಫೋನು ಕೈಯಲ್ಲಿ ಒಮ್ಮೆ ನಡುಗಿತು.

“ಅಲ್ಲ ಅಕ್ಕಾ.”

ಅಷ್ಟೇ. ಅಕ್ಕಾ ಎಂಬುದನ್ನು ಎಂದಿನ ಹಾಗೆ ಎಳೆದೇ ಬರೆದಿದ್ದಳು. ಇವಳು ಅದನ್ನೇ ನೋಡುತ್ತ ನಿಂತಳು. ಆ ಬೂದು ಕೋಣೆಯಲ್ಲಿ ಇಬ್ಬರೂ ಬರೆದ ಅಷ್ಟೂ ಚೀಟಿಗಳಲ್ಲಿ ತಪ್ಪಿತ್ತು, ದಣಿವಿತ್ತು, ನೋಡದೆ ಬರೆದ ಒಂದು ಹೌದು ಕೂಡ ಇತ್ತು. ನೋಡಿ, ಗೊತ್ತಿದ್ದೂ ಬರೆದ ಸುಳ್ಳು ಇದೊಂದೇ. ಏನೇ ಇದು, ಇಲ್ಲಿದ್ದ ಫೋಟೋ ಎಲ್ಲಿ ಹೋಯಿತು ಎಂದು ಗಂಡ ಗೊಣಗಿದ. ಇವಳು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ವೃತ್ತ ಅಲ್ಲೇ ಇತ್ತು. ಅದರೊಳಗಿನ ಕಪ್ಪು, ಗೋಧಿ, ಹಸಿರು ಎಲ್ಲ ಹೋಗಿ, ಫೋಟೋ ಹಾಕದವರಿಗೆ ಸೈಟಿನವರು ಕೊಡುವ ಬರಿಯ ಬೂದು ತಲೆ ಒಂದು ಉಳಿದಿತ್ತು.

“ಏನ್ ಮಾಡ್ಲಿ, ಕಟ್ಲಾ?” ಎಂದ ಗಂಡ. ಅವನ ಬಲಗಾಲು ನೆಲವನ್ನು ಒತ್ತಿಕೊಂಡಿತ್ತು.

“ಬೇಡ ರೀ.”

“ಯಾರು ಅಂತ ಗೊತ್ತಾಗಬೇಡ್ವಾ?”

ಇವಳು ಕಿಟಕಿಯ ಹತ್ತಿರ ಹೋದಳು. ಫೋನಿನಲ್ಲಿ, ನನ್ನ ಚೀಟಿ ಹೌದು ಎಂದು ಬರೆದು ಕಳಿಸಿದಳು. ಗೆರೆಗಳು ನೀಲಿಯಾದವು. ಬರೆಯುತ್ತಿದ್ದಾರೆ ಎಂದು ಈ ಸಲ ತೋರಿಸಲಿಲ್ಲ. ಬಿಸಿಲು ಕಮ್ಮಿಯಾಗುತ್ತ ಬಟ್ಟೆಯ ಕಂದು ಭಾಗ ಸಣ್ಣದಾಗುತ್ತಿತ್ತು. ಎರಡು ಚೀಟಿ ಬೇರೆಬೇರೆ ಬಂದರೆ ಇಬ್ಬರೂ ಕಿಟಕಿಗೆ ಬರಬೇಕಿತ್ತು. ಇವಳು ಬಂದು ನಿಂತಿದ್ದಳು.